ಅಜ್ಞಾತವಾಸದ ವಿಳಾಸ

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಪಾಂಡವರು ಅದಕ್ಕೆ ಎಷ್ಟೋ ಮುಂಚೆಯೇ ವನವಾಸ ಮುಗಿಸಿ ಹೊರಟುಹೋದರೂ, ಹೊಸಬರಿಗೆ ಲೇಖನ ಬರೆಯಲು ಹೇಳಿಕೊಡುವ ನನ್ನಂಥವರಿಗೆ ಅವರ ಕಾಟ ತಪ್ಪಿಲ್ಲ. ‘ಗೊತ್ತಿರುವುದನ್ನು ಬರೆಯಿರಿ’ ಎಂದರೆ ಹುಡುಗರು ತಮ್ಮೂರಿನಿಂದಲೇ ಹೊರಡುತ್ತಾರೆ. ಎರಡನೆಯ ಸಾಲಿಗೆ ಪಾಂಡವರು ಹಾಜರು! ಭೀಮ ಕಾಲೂರಿದ ಹೊಂಡ, ಕೋಳಿ ಕೂಗಿತೆಂದು ಅರ್ಧಕ್ಕೇ ಬಿಟ್ಟ ಗುಡಿ. ಅಜ್ಞಾತವಾಸದಲ್ಲಿದ್ದವರ ವಿಳಾಸ ಇಷ್ಟೊಂದು ಊರಿಗೆ ಗೊತ್ತಿದ್ದೂ ದುರ್ಯೋಧನನಿಗೆ ಮಾತ್ರ ಸಿಗಲಿಲ್ಲ, ಪಾಪ.

‘ಇದಕ್ಕೆ ಆಧಾರ ಏನಮ್ಮ?’

‘ನಮ್ಮಜ್ಜಿ ಹೇಳಿದ್ದು ಸಾರ್.’

ಅಜ್ಜಿಯನ್ನು ಅನುಮಾನಿಸುವ ಎದೆಗಾರಿಕೆ ನನಗಿಲ್ಲ. ಆದರೆ ಅಜ್ಜಿಗೆ ಪುಟಸಂಖ್ಯೆ ಇಲ್ಲವಲ್ಲ! ಅಚ್ಚಾದ ಯಾವುದಾದರೂ ನಂಬಬಹುದಾದ ಪುಸ್ತಕದಲ್ಲಿ ‘ಹೀಗೊಂದು ನಂಬಿಕೆಯಿದೆ’ ಎಂದಿದ್ದರೆ, ನಂಬಿಕೆ ಎಂದೇ ಹೇಳಿ ಬರೆಯಬಹುದು. ಹಾಗೆ ಪುಸ್ತಕ ಹುಡುಕಲು ಹೊರಟ ಹುಡುಗಿಯೊಬ್ಬಳಿಗೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ತೋರಿಸಿದೆ. ಶಾಸನಗಳನ್ನು ತಾಲೂಕುವಾರು ನಂಬರು ಹಾಕಿ ಜೋಡಿಸಿರುವ ಸಂಪುಟಗಳವು. ಅವಳೂರಿನ ಹೆಸರಿನ ಕೆಳಗೆ ಪಾಂಡವರಿರಲಿಲ್ಲ. ಕೆರೆಗೆ ಗದ್ದೆ ಬಿಟ್ಟ ಒಬ್ಬ ಗೌಡನಿದ್ದ. ಅವಳಿಗೆ ಮೊದಲು ನಿರಾಸೆಯಾಯಿತು. ಆಮೇಲೆ ‘ಸಾರ್, ಆ ಕೆರೆ ಈಗಲೂ ಇದೆ!’ ಎಂದು ಕೂತಲ್ಲಿಂದ ಎದ್ದುಬಿಟ್ಟಳು. ಆ ಊರಿನ ಪುಟ ಇವತ್ತಿಗೂ ನಾಲ್ಕೇ ಸಾಲಿನ ಚುಟುಕು. ಅದರಲ್ಲಿ ಗೌಡನ ಸಾಲನ್ನು ಯಾರೂ ಅಳಿಸಲಾರರು.

ಗುಣವಾಚಕಗಳದ್ದು ಬೇರೆಯೇ ಗೋಳು. ‘ಪ್ರಕೃತಿಮಾತೆಯ ಮಡಿಲಲ್ಲಿ’ ಇಲ್ಲದ ಊರಿಲ್ಲ. ‘ಕೊಡುಗೈ ದಾನಿ, ಅಜಾತಶತ್ರು’ ಅಲ್ಲದ ದೊಡ್ಡಪ್ಪನಿಲ್ಲ. ನಮ್ಮವರ ಬಗ್ಗೆ ನಾವೇ ಬರೆಯಬಾರದು, ಇದು ಅಭಿನಂದನ ಗ್ರಂಥವಲ್ಲ ಎಂದರೆ ಮುಖ ಬಾಡುತ್ತದೆ. ದೊಡ್ಡಪ್ಪನ ಪುಟಕ್ಕೆ ಅಂದೇ ರಾತ್ರಿ ಅಳಿಸುವ ಸೂಚನೆ ಅಂಟಿಸಿದರಂತೂ ಆಸಾಮಿ ಮತ್ತೆ ಇತ್ತ ತಲೆಹಾಕುವುದಿಲ್ಲ. ಅಂಟಿಸುವವರು ನಿಯಮದ ಪ್ರಕಾರ ಸರಿಯೇ. ಆದರೂ ಜೊತೆಗೆ ಎರಡು ಒಳ್ಳೆಯ ಮಾತು ಬರೆದರೆ ಗಂಟೇನು ಹೋಗುತ್ತದೆ? ಅದಕ್ಕೇ ನಾನು ಹೊಸಬರಿಗೆ ಮೊದಲು ಪ್ರಯೋಗಪುಟ ತೋರಿಸುತ್ತೇನೆ, ಆಮೇಲೆ ಬೇರೆಯವರ ಲೇಖನಗಳ ಅಲ್ಪಪ್ರಾಣ–ಮಹಾಪ್ರಾಣ ತಿದ್ದಲು ಬಿಡುತ್ತೇನೆ. ಪರರ ತಪ್ಪು ತಿದ್ದುವುದಕ್ಕೆ ನಮ್ಮಲ್ಲಿ ಯಾರಿಗೂ ತರಬೇತಿ ಬೇಕಿಲ್ಲ.

ಇನ್ನು ಸಹಿಯ ವಿಚಾರ. ಚರ್ಚೆಯಲ್ಲಿ ಮಾತು ಮುಗಿಸಿ ನಾಲ್ಕು ಟಿಲ್ಡೆ (~) ಒತ್ತಿದರೆ ಹೆಸರು, ಹೊತ್ತು, ತಾರೀಕು ತಾನಾಗಿ ಮೂಡುತ್ತವೆ. ಕೀಲಿಮಣೆಯ ಎಡ ಮೂಲೆಯ ಆ ಕೀಲಿಯನ್ನು ಅದುವರೆಗೆ ಮುಟ್ಟಿದವರೇ ಕಡಿಮೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡ ಟೈಪಿಸುವವರು ಇಂಗ್ಲಿಷಿಗೆ ಬದಲಾಯಿಸಲು ಮರೆತು ಶಿಫ್ಟ್ ಜೊತೆ ಅದನ್ನೇ ಒತ್ತಿದರೆ ಬರುವುದು ‘ಒ’. ನಮ್ಮ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಹರಟುವ ಪುಟದ ಹೆಸರು ಅರಳಿ ಕಟ್ಟೆ. ಅಲ್ಲಿ ಆಗಾಗ ಒಬ್ಬರು ಬಂದು, ಗಂಭೀರವಾದ ಪ್ರಶ್ನೆಯೊಂದನ್ನು ಕೇಳಿ, ಕೆಳಗೆ ‘ಒಒಒಒ’ ಎಂದು ಕೂಗಿ ಹೋಗುತ್ತಾರೆ. ಕೂಗಿದವರು ಯಾರೆಂದು ತಿಳಿಯಲು ಪುಟದ ಇತಿಹಾಸ ತೆರೆದು ನೋಡಬೇಕು.