ಹಸ್ಕಿಗೆ ಎಸಿ, ಮುಧೋಳಕ್ಕೆ ಭಾಷಣ

ಸೈಬೀರಿಯಾದ ಹಿಮದಲ್ಲಿ ಜಾರುಗಾಡಿ ಎಳೆಯಲೆಂದು ಹುಟ್ಟಿದ ಹಸ್ಕಿ ನಾಯಿಗೆ ಒಮಾನಿನ ಅಲ್ ಮವಾಲೇಹ್‌ನಲ್ಲಿ ಏನು ಉದ್ಯೋಗ? ನಮ್ಮ ಪಕ್ಕದ ವಿಲ್ಲಾದಲ್ಲಿ ಅದು ಎಸಿ ಕೆಳಗೆ ಮಲಗುತ್ತದೆ. ಹೊರಗೆ 45 ಡಿಗ್ರಿ, ಒಳಗೆ 18. ಯಜಮಾನರು ಬಾಗಲಕೋಟೆ ಕಡೆಯವರು. ‘ರಾಯರೇ, ನಿಮ್ಮ ಮುಧೋಳ ನಾಯಿಗಾದರೆ ಈ ಬಿಸಿಲು ರೂಢಿ ಇರುತ್ತಿತ್ತಲ್ಲ?’ ಎಂದೆ. ‘ಹೊಲಾ ಕಾಯೋ ನಾಯಿರೀ ಅದು! ನೋಡಿದ ಮಂದಿ ಏನ್ ಅಂದಾರು?’ ಎಂದರು.

ದುಡಿಯುವುದು ಇಷ್ಟು ದೊಡ್ಡ ಅವಮಾನ ಎಂದು ಆ ನಾಯಿಗೆ ಯಾರೂ ಹೇಳಿಲ್ಲ, ಪಾಪ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಅದರ ಜೋಡಿಯೊಂದನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆಚೀಟಿಗೇರಿತು. 2016ರಲ್ಲಿ ಮರಿಗಳು ಮೀರತ್‌ಗೆ ಹೋಗಿ ಸೇನೆಯ ತರಬೇತಿಗೆ ನಿಂತವು. 2018ರ ಚುನಾವಣೆಯಲ್ಲಿ ಪ್ರಧಾನಿಗಳು ಜಮಖಂಡಿಯಲ್ಲಿ, ದೇಶಭಕ್ತಿಯನ್ನು ಮುಧೋಳ ನಾಯಿಗಳಿಂದಾದರೂ ಕಲಿಯಿರಿ ಎಂದು ಕಾಂಗ್ರೆಸ್ಸಿಗರಿಗೆ ಉಪದೇಶಿಸಿದರು. ಓಟಕ್ಕೆ ಹುಟ್ಟಿದ ನಾಯಿಯನ್ನು ವೋಟಿಗೂ ಹಚ್ಚಿದ್ದಾಯಿತು! ಅರೇಬಿಯಾದ ಸಲೂಕಿ ಇದರ ಹಳೇ ನೆಂಟ ಎಂಬ ಮಾತೂ ಇದೆ. ಹಾಗಿದ್ದರೆ ಇಲ್ಲಿಗೆ ಬರಲು ಅದಕ್ಕೆ ವೀಸಾ ಕೇಳುವುದೇ ಅನ್ಯಾಯ.

ಬಿಸಿಲಿನ ಮಾತಿಗೇ ಮರಳಿದರೆ, ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿಯಲ್ಲಷ್ಟೇ ಒಂದಿಷ್ಟು ಬೆವರು. ಉಳಿದದ್ದೆಲ್ಲ ನಾಲಿಗೆ ಚಾಚಿ ತೇಕಿಯೇ ತಣಿಯಬೇಕು. ತೇಕುವ ನಾಯಿಯ ಮೂಗು ಮಂದವಾಗುತ್ತದೆ. ಅದಕ್ಕೇ ಬಾಂಬು, ಮಾದಕವಸ್ತು ಹುಡುಕುವ ನಾಯಿಗಳಿಗೆ ನಡುನಡುವೆ ನೆರಳು, ನೀರು, ವಿಶ್ರಾಂತಿ ಕೊಡುತ್ತಾರೆ. ದಣಿದರೆ ಸರ್ಕಾರಕ್ಕೇ ನಷ್ಟ.

ವಿಶ್ರಾಂತಿಯ ಕಾನೂನು ಮನುಷ್ಯರಿಗೂ ಇದೆ. ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಕಟ್ಟಡ ಕಾರ್ಮಿಕರನ್ನು ಬಯಲಲ್ಲಿ ದುಡಿಸುವಂತಿಲ್ಲ. ಆದರೆ ಹಸ್ಕಿಗೆ ಎರಡು ಗಂಟೆಗೆ ಅವಸರವಾದರೆ? ಕಟ್ಟಡವಲ್ಲವಲ್ಲ, ಬಾಗಿಲು ತೆರೆಯುತ್ತದೆ. ಡಾಂಬರು ಸುಡದಿರಲೆಂದು ನಾಯಿಯ ನಾಲ್ಕೂ ಪಾದಕ್ಕೆ ವೆಲ್‌ಕ್ರೋ ಪಟ್ಟಿಯ ರಬ್ಬರ್ ಬೂಟು. ಹಗ್ಗ ಹಿಡಿದ ಮನೆಗೆಲಸದ ಹುಡುಗನಿಗೆ ಹವಾಯಿ ಚಪ್ಪಲಿ, ಬಲಗಾಲಿನದಕ್ಕೆ ಉಂಗುಷ್ಟದ ಬಳಿ ಪಿನ್ನು. ಅವನ ತಳಿ ಯಾವುದೆಂದು ಯಾರೂ ವಿಚಾರಿಸಿಲ್ಲ.

ಮೊನ್ನೆ ಪಶುವೈದ್ಯರು ಹಸ್ಕಿಯ ಪಕ್ಕೆ ಒತ್ತಿ ನೋಡಿದರು. ಎಲುಬು ಕೈಗೆ ಸಿಗಲಿಲ್ಲ. ‘ಇದು ದುಡಿಯುವ ಜಾತಿ, ಕೆಲಸವಿಲ್ಲದೆ ಕೊಬ್ಬಿದೆ, ಓಡಿಸಿ’ ಎಂದರಂತೆ. ರಾಯರು ಅದಕ್ಕೊಂದು ಟ್ರೆಡ್‌ಮಿಲ್ ತರಿಸುತ್ತಿದ್ದಾರೆ. ಮೂರನೇ ಮಹಡಿಗೆ ಅದನ್ನು ಹೊರುವವನು ಯಾರೆಂದು ಕೇಳಬೇಡಿ.