ರಬಾಳೆಯ ಉಲಿಯಕ್ಕಿ: ಒಂದು ಪ್ರಮಾಣವಿಚಾರ

ಶಾಸ್ತ್ರಗ್ರಂಥದ ಬಾಗಿಲಲ್ಲೇ ನಾಲ್ಕು ಸಂಗತಿ ಹೇಳಿಬಿಡಬೇಕೆಂಬ ಕಟ್ಟಳೆಯಿದೆ. ವಿಷಯ: ಗ್ರೀನಿಶ್ ವಾರ್ಬ್ಲರ್ ಎಂಬ ಎಲೆ ಉಲಿಯಕ್ಕಿ, ತೂಕ ಸುಮಾರು 8 ಗ್ರಾಂ, ಬೇಸಿಗೆಗೆ ಹಿಮಾಲಯ, ಸೈಬೀರಿಯಾಗಳ ಕಾಡು, ಚಳಿಗಾಲಕ್ಕೆ ನವಿ ಮುಂಬಯಿಯ ರಬಾಳೆಯಲ್ಲಿ ನಮ್ಮ ಎಂಐಡಿಸಿ ಕೈಗಾರಿಕಾ ವಸಾಹತಿನ ಮರ. ಅಧಿಕಾರಿ: ಕತ್ತುನೋವಿಗೆ ಅಂಜದವನು. ಸಂಬಂಧ: ಭಾನುವಾರ ಬೆಳಿಗ್ಗೆ ಮನೆಯವರೊಡನೆ ಕೆಡುವಂಥದ್ದು. ಪ್ರಯೋಜನ: ಇಲ್ಲ.

ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ. ಕಣ್ಣಿನ ಮೇಲೆ ಉದ್ದನೆಯ ಮಾಸಲು ಹುಬ್ಬು, ರೆಕ್ಕೆಯಲ್ಲಿ ತೆಳುವಾದ ಒಂದು ಬಿಳಿ ಗೆರೆ ಇದ್ದರೆ ಅದೇ ಹಕ್ಕಿ ಎನ್ನುತ್ತವೆ ಕೈಪಿಡಿಗಳು. ಆ ಗೆರೆಯೋ, ಗರಿ ಸವೆದಂತೆ ಅಳಿಸಿಯೂ ಹೋಗುತ್ತದೆ. ಲಕ್ಷಣ ಹೋದಮೇಲೂ ಲಕ್ಷ್ಯ ಕೊಂಬೆಯಲ್ಲಿ ಕುಣಿಯುತ್ತಿರುವ ಈ ಅವ್ಯಾಪ್ತಿ ದೋಷಕ್ಕೆ ಕೈಪಿಡಿಕಾರರು ಉತ್ತರ ಕೊಟ್ಟಿಲ್ಲ. ಹುಳ ಹೆಕ್ಕುವ ಅವಸರದಲ್ಲಿ ಹಕ್ಕಿ ಒಂದೆಡೆ ನಿಲ್ಲದು. ದುರ್ಬೀನು ಎತ್ತುವಷ್ಟರಲ್ಲಿ ಪ್ರತ್ಯಕ್ಷವಾಗುವುದು ಎಲೆ.

ಇನ್ನು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂಬುದು ತಾರ್ಕಿಕರ ಹಳೆಯ ಉದಾಹರಣೆ. ರಬಾಳೆಯ ಪೂರ್ವಕ್ಕೆ ಪಾರ್ಸಿಕ್ ಬೆಟ್ಟವಿದೆ, ಹೊಗೆಯೂ ಉಂಟು. ಆದರೆ ಅದು ನಡುವಿನ ಕಾರ್ಖಾನೆಯದು. ಮೊದಲ ಪಾಠದಲ್ಲೇ ಹೇತು ಕೆಟ್ಟಿತು. ‘ಎಲೆ ಅಲುಗಿತು, ಆದ್ದರಿಂದ ಉಲಿಯಕ್ಕಿ’ ಎಂಬುದಕ್ಕೂ ಇದೇ ಗತಿ. ಥಾಣೆ-ಬೇಲಾಪುರ ರಸ್ತೆಯಲ್ಲಿ ಟ್ರಕ್ ಹೋದರೂ ಎಲೆ ಅಲುಗುತ್ತದೆ.

ಆಪ್ತವಾಕ್ಯವನ್ನು ನಂಬೋಣವೆಂದರೆ, ಆಪ್ತನೆಂದರೆ ಗುಂಪಿನಲ್ಲಿ ಅತಿ ಉದ್ದದ ಲೆನ್ಸ್ ಇರುವವನು. ಅಂಥವರೆಲ್ಲ ಪಶ್ಚಿಮಕ್ಕೆ ಮುಖಮಾಡಿ ನಿಂತಿದ್ದಾರೆ. 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಥಾಣೆ ಖಾಡಿಯಲ್ಲಿ ಫ್ಲೆಮಿಂಗೊಗಳು ಸಾಲಾಗಿ ನಿಂತು ಫೋಟೊ ಕೊಡುತ್ತವೆ. ಉಳಿದವರು ಮೊಬೈಲಿನ ಆಪ್ ಹೇಳಿದ್ದನ್ನು ಅಪೌರುಷೇಯವೆಂದು ತಲೆಗೊತ್ತಿಕೊಳ್ಳುತ್ತಾರೆ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತ ಪೂರ್ವಪಕ್ಷಿ ಮಾತ್ರ ಯಾವುದನ್ನೂ ಒಪ್ಪುವವರಲ್ಲ: “ಗುಬ್ಬಿ ಮಾರಾಯ್ರೆ ಅದು.”

ಸಿದ್ಧಾಂತ: ಕಿವಿಯೇ ಗಟ್ಟಿ. ಎಲೆಗಳೊಳಗಿಂದ ‘ಚಿಸ್ಲಿ’ ಎಂದು ಚುರುಕಾಗಿ ಎರಡಕ್ಷರ ಉದುರಿದರೆ ಅದೇ ಹಕ್ಕಿ. ಚಳಿಗಾಲದಲ್ಲೂ ತನ್ನ ಮರಗಳ ಗಡಿ ಕಾಯುವ ಸ್ವಭಾವದ್ದಾದ್ದರಿಂದ, ಇವತ್ತು ಕೇಳಿದಲ್ಲೇ ನಾಳೆಯೂ ಕೇಳೀತು.

ಕಿವಿಗೂ ಒಂದು ಆಕ್ಷೇಪವಿದೆ. ಟಿಬೆಟ್ ಪ್ರಸ್ಥಭೂಮಿಯನ್ನು ಎರಡು ಕಡೆಯಿಂದ ಬಳಸಿ ಉತ್ತರಕ್ಕೆ ಹಬ್ಬಿದ ಈ ಕುಲದ ಎರಡು ಕವಲುಗಳು ಸೈಬೀರಿಯಾದಲ್ಲಿ ಎದುರಾದಾಗ, ಒಂದರ ಹಾಡನ್ನು ಇನ್ನೊಂದು ತನ್ನವರದೆಂದು ಎಣಿಸುವುದಿಲ್ಲ ಎಂದು ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ರಬಾಳೆಯ ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ಇಲ್ಲ. ಘಟ್ಟದ ಈಚೆಯಿಂದ ಕುಂದಾಪುರ, ಆಚೆಯಿಂದ ಕಲಬುರಗಿ ಬಂದು ಇಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಎದುರಾದರೆ, ಎರಡು ಮಾತಾಗುವಷ್ಟರಲ್ಲಿ ಇಬ್ಬರೂ ಹಿಂದಿಗೆ ಇಳಿಯುತ್ತಾರೆ. ಉಲಿಯಕ್ಕಿಗಳಿಗೆ ಆ ಸೌಕರ್ಯವೂ ಇಲ್ಲ.