ಎಕ್ಸ್‌ಟ್ರಾ ಫಿಟಿಂಗ್

ಮಲೆನಾಡಿನಲ್ಲಿ ಹಳೇ ಜೀಪು ಮಾರಾಟಕ್ಕಿದೆ ಎಂದು ಬಾಯಿಬಿಟ್ಟರೆ ಮೊದಲು ಅಂಗಳಕ್ಕೆ ಬರುವವರು ಕೊಳ್ಳುವವರಲ್ಲ, ಆ ಜೀಪಿನ ನೆಂಟರು. "ಇದು ನಮ್ಮ ಸೋದರಮಾವನ ಹತ್ರ ಇದ್ದಿದ್ದಲ್ವಾ? ಇದರಲ್ಲೇ ನಮ್ಮಕ್ಕನ್ನ ಹೆರಿಗೆಗೆ ಕರ್ಕೊಂಡು ಹೋಗಿದ್ದು" ಎಂದು ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾರೆ. ಕಾಫಿ ಕುಡಿಯುತ್ತಾರೆ. ಹಿಂದೆ ಹತ್ತಿ ಕೂತು, ಒಂದು ಸುತ್ತು ಹೊಡೆಸಿ ಅನ್ನುತ್ತಾರೆ. ಕೊನೆಗೆ ರೇಟು ಕೇಳಿ, "ಅಬ್ಬಬ್ಬಾ! ಮಾವ ಇದನ್ನ ಒಂದು ಜೊತೆ ಎತ್ತಿಗೆ ಕೊಟ್ಟಿದ್ದು ಮಾರಾಯ್ರೆ" ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ.

ನನ್ನದು ಸಿಜೆ 3ಬಿ. ಅಮೆರಿಕದ ವಿಲ್ಲಿಸ್‌ನವರು 1953ರಲ್ಲಿ ತಂದ ಮಾದರಿ. ಅದಕ್ಕೆ ಹಾಕಿದ ಹೊಸ ಎಂಜಿನ್ನು ಹಳೆಯ ಬಾನೆಟ್ಟಿನಡಿ ಹಿಡಿಸದಷ್ಟು ಎತ್ತರವಿತ್ತು. ಹಾಗಾಗಿ ಬಾನೆಟ್ಟನ್ನೇ ಎತ್ತರಿಸಿದರು. ಅವತ್ತಿನಿಂದ ಈ ಜೀಪಿಗೆ ಯಾವಾಗಲೂ ಹುಬ್ಬೇರಿಸಿಕೊಂಡ ಮುಖ. ಅಲ್ಲಿಯವರು 1968ಕ್ಕೆ ಇದನ್ನು ಮಾಡುವುದು ನಿಲ್ಲಿಸಿದರೂ ಲೈಸೆನ್ಸ್ ಪಡೆದಿದ್ದ ನಮ್ಮ ಮಹೀಂದ್ರಾದವರು ನಿಲ್ಲಿಸಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿಸ್ಪೋಸಲ್ಲಿನಲ್ಲಿ ಬಂದ ಮಿಲಿಟರಿ ಜೀಪುಗಳ ಹಿಂದೆಯೇ ಇವೂ ಘಟ್ಟ ಹತ್ತಿದವು. ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಚುನಾವಣೆಯ ಮೈಕು, ಎಲ್ಲವನ್ನೂ ಹೊತ್ತವು. ಇದರಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಅಡಿಯಲ್ಲೇ. ಅದರ ಮೇಲೆ ಕೂತು ಬೀಡಿ ಸೇದುತ್ತ ಘಾಟಿ ಇಳಿದ ಡ್ರೈವರುಗಳ ಧೈರ್ಯವನ್ನು ಯಾವ ಶಾಸನದಲ್ಲೂ ಕೆತ್ತಿಲ್ಲ.

ನನ್ನ ಕೈಗೆ ಬಂದಾಗ ಅದು ಒಂದು ಅಡಿಕೆ ಚಪ್ಪರದಡಿ ನಿಂತಿತ್ತು. ಸ್ಟೀರಿಂಗಿನ ಮೇಲೆ ಕೋಳಿಗಳು ಕೂರುತ್ತಿದ್ದವು. ಮಾರಿದ ಹಿರಿಯರು ಹಿಂದೆಯೇ ಪೆಟ್ರೋಲ್ ಎಂಜಿನ್ ಇಳಿಸಿ, ಮಹೀಂದ್ರಾದ 540 ಮಾದರಿ ಜೀಪಿನ ಪ್ಯೂಜೋ ಮೂಲದ 2.1 ಲೀಟರ್ ಡೀಸೆಲ್ ಕೂರಿಸಿ, ಆರ್‌ಸಿಯಲ್ಲೂ ಹತ್ತಿಸಿಕೊಂಡಿದ್ದರು. ಆ ಪೆಟ್ರೋಲ್ ಎಂಜಿನ್ ಕುಡಿಯುವ ರೀತಿ ನೋಡಿದವರು ಅವರನ್ನು ದೂರುವುದಿಲ್ಲ.

ಟಿಂಕರಿಂಗ್ ಭಾಯ್ ಬಂದವರೇ ಸಣ್ಣ ಸುತ್ತಿಗೆ ತೆಗೆದು ಬಾಡಿಯನ್ನು ತಟ್ಟುತ್ತ ಹೋದರು. ತಗಡಿದ್ದಲ್ಲಿ ಟಣ್, ಪುಟ್ಟಿ ಇದ್ದಲ್ಲಿ ಡಬ್. ಟಣ್, ಡಬ್, ಡಬ್, ಡಬ್. ಹಿಂದಿನ ಚಕ್ರದ ಹತ್ತಿರ ಸದ್ದೇ ಬರಲಿಲ್ಲ. ಸುತ್ತಿಗೆ ಒಳಗೆ ಹೋಗಿತ್ತು. ಬಣ್ಣ ಕೆರೆದರೆ ಬಿಳಿಯಡಿ ನೀಲಿ, ನೀಲಿಯಡಿ ಯಾವುದೋ ಇಲಾಖೆಯ ಹೆಸರಿನ ಅರ್ಧ ಭಾಗ, ಅದರಡಿ ಹಸಿರು. ಮೇಸ್ತ್ರಿ ಬಂದು ಗೇರ್‌ಬಾಕ್ಸ್ ಬಿಚ್ಚಿ ಹಣೆ ಚಚ್ಚಿಕೊಂಡರು. "ಯಾವ ಪುಣ್ಯಾತ್ಮ ಸಾರ್ ಇದಕ್ಕೆ ಕೈ ಹಾಕಿದ್ದು?" ವಿಚಾರಿಸಿದರೆ ಹಿರಿಯರ ಕಾಲದಲ್ಲಿ ಕೈ ಹಾಕಿದ್ದು ಇವರೇ. "ಹೌದಾ? ಅದಕ್ಕೇ ಇಷ್ಟು ವರ್ಷ ಬಂದಿದೆ" ಎಂದು ಸ್ಪ್ಯಾನರ್ ಎತ್ತಿಕೊಂಡರು.

ರಿಪೇರಿಗೆ ಒಂದು ಕೊನೆಯಿದೆ. ಎಕ್ಸ್‌ಟ್ರಾ ಫಿಟಿಂಗಿಗೆ ಇಲ್ಲ. 31 ಇಂಚಿನ ಟಯರು ಹಾಕಿದೆ. ಟಯರು ದಪ್ಪವಾಯಿತು, ಸ್ಟೀರಿಂಗ್ ತಿರುಗದು. ಪವರ್ ಸ್ಟೀರಿಂಗ್ ಬೇಕು. ಪವರ್ ಸ್ಟೀರಿಂಗಿನ ಬೆಲ್ಟಿಗೆ ಜಾಗವಿಲ್ಲ, ರೇಡಿಯೇಟರ್ ಮುಂದೆ ಹೋಗಬೇಕು. ರೇಡಿಯೇಟರ್ ಮುಂದೆ ಹೋದರೆ ಗ್ರಿಲ್ಲಿಗೆ ಉಜ್ಜುತ್ತದೆ. ಗ್ರಿಲ್ ಸರಿಸುವುದೇ ಆದರೆ ಬಂಪರನ್ನೂ ಯಾಕೆ ಬದಲಾಯಿಸಬಾರದು? ಲ್ಯಾತಿನವನು ಮನೆ ಕಟ್ಟುವ ಸಿ ಚಾನೆಲ್ಲಿನಲ್ಲಿ ಬಂಪರ್ ಮಾಡಿಕೊಟ್ಟ. ಅದಕ್ಕೊಂದು ವಿಂಚ್. ಹೊಳೆ ದಾಟುವಾಗ ಎಂಜಿನ್ನಿಗೆ ಉಸಿರಾಡಲು ಸ್ನಾರ್ಕೆಲ್ ಕೊಳವೆ. ನಮ್ಮ ಹೊಳೆಗೆ ಸೇತುವೆಯಾಗಿ ಎಷ್ಟೋ ವರ್ಷವಾಗಿದೆ, ಅದು ಬೇರೆ ಮಾತು.

ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಅಂಗಡಿಯವರು ಬೇರಿಂಗನ್ನು ಕೌಂಟರಿನ ಮೇಲೆ ಇಡುತ್ತಾ ಕೇಳುತ್ತಾರೆ: "ಒರಿಜಿನಲ್ ಕೊಡ್ಲಾ, ಒರಿಜಿನಲ್ ಥರದ್ದು ಕೊಡ್ಲಾ, ಡೂಪ್ಲಿಕೇಟಲ್ಲೇ ಒರಿಜಿನಲ್ ಕೊಡ್ಲಾ?"

ಮುಗಿದಾಗ ಜೀಪು ಎಷ್ಟು ಎತ್ತರವಾಗಿತ್ತೆಂದರೆ ನಮ್ಮ ಅತ್ತೆಯವರನ್ನು ಹತ್ತಿಸಲು ಮನೆಯಿಂದ ಸ್ಟೂಲು ತರಬೇಕಾಯಿತು. ಇಳಿಯುವಲ್ಲಿಯೂ ಬೇಕಲ್ಲ ಎಂದು ಆ ಸ್ಟೂಲು ಜೀಪಿನಲ್ಲೇ ಪ್ರಯಾಣ ಮಾಡತೊಡಗಿತು. "ದೇವಸ್ಥಾನಕ್ಕೆ ಹೋಗೋಕೆ ಇಷ್ಟು ಎತ್ತರ ಯಾಕಪ್ಪಾ?" ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮೇಸ್ತ್ರಿ. ಮಗಳ ಫೀಸು ಕಟ್ಟುವ ತಿಂಗಳು ಬಂತು. ಮಾರಾಟಕ್ಕಿಟ್ಟೆ.

ನೆಂಟರ ಸಾಲು ಕರಗಿದ ಮೇಲೆ ಬೆಂಗಳೂರಿನ ಹುಡುಗರು ಬಂದರು. ಜೀಪಿನ ಮುಂದೆ, ಪಕ್ಕ, ಮೇಲೆ ನಿಂತು ಫೋಟೊ ತೆಗೆಸಿಕೊಂಡರು. "ಅಂಕಲ್, ಡಬ್‌ವಾಲಿ ಬಿಲ್ಡಾ?" ಪಂಜಾಬ್ ಹರಿಯಾಣ ಗಡಿಯ ಮಂಡಿ ಡಬ್‌ವಾಲಿ ಜೀಪು ಕಟ್ಟುವುದಕ್ಕೇ ಹೆಸರಾದ ಊರು. ಇಲ್ಲಪ್ಪ, ತೀರ್ಥಹಳ್ಳಿ ಬಿಲ್ಡು ಅಂದೆ. ಅವರ ಮುಖ ಸಣ್ಣಗಾಯಿತು. "ಎಸಿ ಹಾಕ್ಸಬಹುದಾ?" ಬಾಗಿಲೇ ಇಲ್ಲದ ಗಾಡಿಗೆ ಎಸಿ ಹಾಕಿಸಿದರೆ ತಂಪಾಗುವುದು ಶಿವಮೊಗ್ಗ ಜಿಲ್ಲೆ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದವನು ಕೊಡಚಾದ್ರಿಗೆ ಪ್ರವಾಸಿಗರನ್ನು ಒಯ್ಯುವ ಡ್ರೈವರು. ಅಲ್ಲಿನ ಬಂಡೆ ರಸ್ತೆಯಲ್ಲಿ ಮಳೆಗಾಲದಲ್ಲೂ ತುಂಬಿದ ಜೀಪು ಹತ್ತಿಸುವವರು ಅವರು. ಜೀಪಿನ ವಿಷಯದಲ್ಲಿ ಅವರ ಮುಂದೆ ಮಾತಾಡಬಾರದು. ಆತ ಹೊಸ ಬಣ್ಣದ ಕಡೆ ಕಣ್ಣು ಹಾಯಿಸದೆ ನೆಲಕ್ಕೆ ಗೋಣಿ ಹಾಸಿ ಅಡಿಗೆ ನುಸುಳಿದ. ಹೊರಗೆ ಬಂದು ಗೇರಿನ ಪಕ್ಕದ ಎರಡು ಕಡ್ಡಿಗಳನ್ನು, ಫೋರ್‌ವೀಲಿನದು ಒಂದು, ಲೋ ಗೇರಿನದು ಒಂದು, ಎಳೆದು ತಳ್ಳಿ ನೋಡಿದ. "ಎಷ್ಟು ಜನ ಕೂರ್ತಾರೆ?" ಅಂದ. ನಾನು ವಿಂಚ್ ತೋರಿಸಿದೆ. "ಇದೆಂತಕ್ಕೆ ಸಾರ್? ಹೂತ್ಕೊಂಡ್ರೆ ಹಿಂದಿನ ಜೀಪಿನವನು ಹಗ್ಗ ಕಟ್ತಾನೆ."

ಕಾಗದಪತ್ರದ ಏಜೆಂಟರು ಆರ್‌ಸಿ ಹಿಡಿದು ಜೀಪನ್ನು ಎರಡು ಸುತ್ತು ಹಾಕಿ, "ಇದರಲ್ಲಿರೋ ಗಾಡಿ ಎಲ್ಲಿದೆ?" ಎಂದರು. ಕಂಪನಿ ಮಾಡಿದ ಮೂಲರೂಪವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ. ಮುಂಭಾಗದ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಹಾಗಾದರೆ ಹಳೇ ಗಾಡಿ ಎಂಬ ಗೌರವವಾದರೂ ಇದೆಯೇ? 2021ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ 'ವಿಎ' ಎಂಬ ವಿಂಟೇಜ್ ನಂಬರು ಸಿಗುತ್ತದೆ, ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಲ್ಲಿದ್ದ ಹಾಗೇ ಇರಬೇಕು. ಎಂವೈ ಅಕ್ಷರದ ಮೈಸೂರು ರಾಜ್ಯದ ನಂಬರಿದ್ದರೂ ನನ್ನ ಜೀಪು ಕಾನೂನಿನ ಕಣ್ಣಿನಲ್ಲಿ ಹೊಸತೂ ಅಲ್ಲ, ಹಳತೂ ಅಲ್ಲ.

ಕೊಂಡವರು ಹಾಸನದ ಕಡೆಯ ನಿವೃತ್ತ ಇಂಜಿನಿಯರು. ಕಿಸೆಯಿಂದ ಒಂದು ಅಯಸ್ಕಾಂತ ತೆಗೆದು ಬಾಡಿಗೆ ಅಂಟಿಸುತ್ತ, ಅದು ಜಾರಿದಲ್ಲೆಲ್ಲ ಚಾಕ್‌ಪೀಸಿನಲ್ಲಿ ಗೀಟು ಹಾಕಿದರು. ನಾನು ಖರ್ಚಿನ ಪಟ್ಟಿ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಪ್ರತಿ ಬಾಬಿನ ಎದುರಿಗೂ ಅದನ್ನು ಬಿಚ್ಚಿಸುವ ಕೂಲಿ ಬರೆದು ಕಳೆಯುತ್ತ ಬಂದರು. ಪವರ್ ಸ್ಟೀರಿಂಗ್, ಕಳೆ. ಸ್ನಾರ್ಕೆಲ್, ಕಳೆ, ಅದರ ತೂತು ಮುಚ್ಚುವ ವೆಲ್ಡಿಂಗ್, ಇನ್ನೊಮ್ಮೆ ಕಳೆ. "ಇದನ್ನ ಕಂಪನಿಯಿಂದ ಬಂದ ಹಾಗೆ ಮಾಡಿ ವಿಎ ನಂಬರಿಗೆ ಹಾಕ್ಬೇಕು" ಎಂದರು. "ಹಳೇ ಪೆಟ್ರೋಲ್ ಎಂಜಿನ್ ಎಲ್ಲಿ?"

ಅದು ಹಿರಿಯರ ತೋಟದಲ್ಲಿ ನೀರೆತ್ತುತ್ತಿತ್ತು. ಇಂಜಿನಿಯರು ನನ್ನ ಜೊತೆಗಿನ ಚೌಕಾಸಿಯನ್ನು ಅರ್ಧಕ್ಕೇ ಬಿಟ್ಟು ಅಲ್ಲಿಗೆ ಹೋಗಿ ಅಡ್ವಾನ್ಸ್ ಕೊಟ್ಟು ಬಂದರು. ಹಿರಿಯರು ನನಗೆ ಇಡೀ ಜೀಪನ್ನು ಕೊಟ್ಟಿದ್ದಕ್ಕಿಂತ ಹೆಚ್ಚಿಗೆ ಅವರಿಗೆ ಎಂಜಿನ್ ಒಂದನ್ನೇ ಕೊಟ್ಟರಂತೆ. ಈ ಇಡೀ ವ್ಯವಹಾರದಲ್ಲಿ ಲಾಭ ಕಂಡವರು ಅವರೊಬ್ಬರೇ. ಅವರು ಒಂದು ಬೋಲ್ಟನ್ನೂ ತಿರುಗಿಸಲಿಲ್ಲ.

ನಾನು ಫಾರಂ 29, 30ಕ್ಕೆ ಸಹಿ ಹಾಕಿದೆ. ಬಿಚ್ಚಿದ ಸಾಮಾನನ್ನು ಇಂಜಿನಿಯರು ನಮ್ಮ ಕೊಟ್ಟಿಗೆಗೇ ಇಳಿಸಿಹೋದರು. ಟಯರು ಚೆನ್ನಾಗಿವೆ, ವಿಂಚ್‌ಗೆ ಇನ್ನೂ ಪ್ಲಾಸ್ಟಿಕ್ ಕವರಿದೆ, ಬಂಪರ್ ನನ್ನ ಕಣ್ಣಿಗೆ ಈಗಲೂ ಚೆಂದವೇ. ಬೇಕಾದವರು ಬಂದು ನೋಡಬಹುದು, ರೇಟು ಮಾತಾಡೋಣ. ಬಂಪರ್ ಒಯ್ಯುವವರು ಮಾತ್ರ ಎತ್ತಲು ನಾಲ್ಕು ಜನರನ್ನು ಕರೆತನ್ನಿ. ಮೊದಲು ಬಂದವರಿಗೆ ಸ್ಟೂಲು ಉಚಿತ.